ಹಿಂಬದಿಯನ್ನೂ ತೋರಿಸುವ ಬಳಗ: ಕಸೂತಿ ಕೈಬಿಟ್ಟು ಹೋಗದಂತೆ ಮೊಬೈಲಿನಲ್ಲೊಂದು ಗುಂಪು ಕಟ್ಟುವ ಕ್ರಮ

ಕಸೂತಿ ಬಲ್ಲವರ ಕೈಗೆ ಬಟ್ಟೆ ಕೊಟ್ಟರೆ ಅವರು ಮೊದಲು ಅದನ್ನು ತಿರುಗಿಸಿ ನೋಡುತ್ತಾರೆ. ಮುಂಬದಿಯ ತೇರು, ಗೋಪುರ, ನವಿಲು ಎಲ್ಲ ಆಮೇಲೆ. ಹಿಂಬದಿಯಲ್ಲಿ ಗಂಟು ಉಳಿದಿದೆಯೇ, ದಾರ ಎಲ್ಲಿಯಾದರೂ ಅಡ್ಡ ಜಿಗಿದಿದೆಯೇ, ಗವಂತಿ ಎಂಬ ಹೊಲಿಗೆಯ ಗೆರೆ ಎರಡೂ ಮಗ್ಗುಲಲ್ಲಿ ಒಂದೇ ಆಗಿ ಬಂದಿದೆಯೇ ಎಂದು ಅವರ ಬೆರಳು ತಡಕಾಡುತ್ತದೆ. ಧಾರವಾಡದ ಮನೆಯ ಪಡಸಾಲೆಯಲ್ಲಿ ನನ್ನ ಅಜ್ಜಿ ಹೀಗೆಯೇ ನನ್ನ ಹೊಲಿಗೆಯನ್ನು ತಿರುಗಿಸಿ ನೋಡಿ, ಮಾತಿಲ್ಲದೆ ಕತ್ತರಿಯನ್ನು ನನ್ನ ಮುಂದಿಡುತ್ತಿದ್ದಳು. ಬಿಚ್ಚು ಎಂದರ್ಥ. ಬಿಚ್ಚಿ ಮತ್ತೆ ಹಾಕಿದ್ದು ಸರಿಯಾಗಿದ್ದರೆ ಬಟ್ಟೆಯನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ನನಗೆ ಅದೇ ಬಹುಮಾನ.

ಅಜ್ಜಿ ಹೋದ ಮೇಲೆ 11 ವರ್ಷ ನಾನು ಸೂಜಿ ಹಿಡಿಯಲಿಲ್ಲ. ಕೆಲಸ, ಮದುವೆ, ಊರು ಬಿಟ್ಟದ್ದು ಎಂದು ಕಾರಣ ಹೇಳಿಕೊಳ್ಳುತ್ತಿದ್ದೆ. ನಿಜವಾದ ಕಾರಣ ಬೇರೆ: ನನ್ನ ಬಟ್ಟೆಯನ್ನು ತಿರುಗಿಸಿ ನೋಡುವವರು ಯಾರೂ ಉಳಿದಿರಲಿಲ್ಲ. ಮತ್ತೆ ಶುರು ಮಾಡಿದಾಗ ನಾನೂ ಎಲ್ಲರಂತೆ ಮುಂಬದಿಯ ಚೆಂದದ ಫೋಟೊ ತೆಗೆದು ಹಾಕಿದೆ. ಮೆಚ್ಚುಗೆಯ ಗುರುತುಗಳು ಬಂದವು. ಎರಡು ತಿಂಗಳಲ್ಲಿ ಸೂಜಿ ಮತ್ತೆ ಡಬ್ಬಿ ಸೇರಿತು. ಆಮೇಲೆ ಒಂಬತ್ತು ಜನ ಸೇರಿ ಒಂದು ಚಿಕ್ಕ ಗುಂಪು ಮಾಡಿಕೊಂಡೆವು. ಅಲ್ಲಿಂದ ಇಲ್ಲಿಯವರೆಗೆ ನನ್ನ ಕಸೂತಿ ನಿಂತಿಲ್ಲ. ನಮ್ಮ ಗುಂಪು ನಡೆದದ್ದು ಹೊಗಳಿಕೆಯ ಬಲದಿಂದಲ್ಲ, ಹಿಂಬದಿಯನ್ನು ಧೈರ್ಯವಾಗಿ ತೋರಿಸಬಹುದಾದ ಸಲಿಗೆಯಿಂದ. ಅಂಥ ಗುಂಪನ್ನು ಕಟ್ಟುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗಳೆಲ್ಲ ಕಸೂತಿಯವು. ಚಿತ್ತಾರ ಬರೆಯುವವರು, ಕೌದಿ ಹೊಲಿಯುವವರು, ರೇಖಾಚಿತ್ರ ಬಿಡಿಸುವವರು ತಮ್ಮ ತಮ್ಮ ಕಲೆಗೆ ಇದನ್ನು ಹೊಂದಿಸಿಕೊಳ್ಳಬಹುದು.

1. ಗುಂಪಿಗಿಂತ ಮೊದಲು ದಿನದ ಅಳತೆ

ಗುಂಪು ಕಟ್ಟುವ ಉತ್ಸಾಹದಲ್ಲಿ ಎಲ್ಲರೂ ಮರೆಯುವ ವಿಷಯ ಇದು. ದಿನಕ್ಕೆ ಎಷ್ಟು ಎಂಬುದು ಮೊದಲೇ ಗೊತ್ತಾಗದಿದ್ದರೆ ಗುಂಪಿನಲ್ಲಿ ಮಾತು ಬೆಳೆಯುತ್ತದೆ, ಹೊಲಿಗೆ ಬೆಳೆಯುವುದಿಲ್ಲ. ‘ದಿನಕ್ಕೆ ಅರ್ಧ ಗಂಟೆ’ ಎಂಬ ಗುರಿ ನಮ್ಮಲ್ಲಿ ಹತ್ತು ದಿನ ಬಾಳಲಿಲ್ಲ. ಮಗು ಎದ್ದರೆ, ಕುಕ್ಕರ್ ಕೂಗಿದರೆ ಅರ್ಧ ಗಂಟೆ ಮುರಿಯುತ್ತದೆ, ಮುರಿದ ಕೂಡಲೇ ಆ ದಿನವೇ ಹಾಳಾಯಿತು ಎಂದು ಮನಸ್ಸು ಹೇಳುತ್ತದೆ.

ಹಾಗಾಗಿ ಹೊತ್ತನ್ನು ಬಿಟ್ಟು ದಾರವನ್ನು ಹಿಡಿದೆವು. ದಿನಕ್ಕೊಂದು ಮೊಳ. ಮೊಣಕೈಯಿಂದ ಬೆರಳ ತುದಿಯವರೆಗಿನ ಈ ಅಳತೆ ಸುಮಾರು 45 ಸೆಂಟಿಮೀಟರ್. ಕಸೂತಿಗೆ ದಾರ ಇದಕ್ಕಿಂತ ಉದ್ದವಾದರೆ ಸಿಕ್ಕಾಗುತ್ತದೆ, ಬಟ್ಟೆಯೊಳಗೆ ಹಾದು ಹಾದು ಜುಂಗಾಗುತ್ತದೆ. ಒಂದು ಮೊಳ ಪೋಣಿಸಿ, ಅದು ಮುಗಿಯುವವರೆಗೆ ಹೊಲಿದರೆ ಆ ದಿನದ ಪಾಲು ಮುಗಿಯಿತು. ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಆದರೂ ಅಡ್ಡಿಯಿಲ್ಲ.

ಲೆಕ್ಕವೂ ಚೆನ್ನಾಗಿ ಕೂಡಿಬರುತ್ತದೆ. ಅಂಗಡಿಯಲ್ಲಿ ಸಿಗುವ ಆಂಕರ್ ದಾರದ ಒಂದು ಲಡಿ 8 ಮೀಟರ್, ಅದರಲ್ಲಿ ಆರು ಎಳೆ. ಎರಡೆರಡು ಎಳೆ ಬಿಡಿಸಿಕೊಂಡರೆ 24 ಮೀಟರ್ ಆಗುತ್ತದೆ, ಅಂದರೆ ಹತ್ತಿರ ಹತ್ತಿರ 53 ಮೊಳ. ಒಂದು ಮಂಡಲಕ್ಕೆ 48 ದಿನ. ಒಂದೇ ಲಡಿಯಲ್ಲಿ ಒಂದು ಮಂಡಲದ ಅಭ್ಯಾಸ ಮುಗಿದು ಐದು ಮೊಳ ಮಿಗುತ್ತದೆ. ನಮ್ಮ ಗುಂಪಿನ ಪ್ರತಿ ಸುತ್ತು ಹೀಗೆ ಒಂದು ಮಂಡಲದ್ದು. ಕೊನೆಯ ದಿನ ಯಾವುದೆಂದು ಎಲ್ಲರಿಗೂ ಮೊದಲೇ ತಿಳಿದಿರುವುದರಿಂದ ‘ಇನ್ನು ಎಷ್ಟು ದಿನವೋ’ ಎಂಬ ಬೇಸರವಿಲ್ಲ.

ನಿಮ್ಮದು ಚಿತ್ರಕಲೆಯಾದರೆ ಅಂಗೈಯಷ್ಟು ಕಾಗದದ ಒಂದು ಪುಟ ಎಂದಿಟ್ಟುಕೊಳ್ಳಿ. ಕಣ್ಣಿಗೆ ಕಾಣುವ, ಮುಗಿಯಿತು ಎನ್ನಬಹುದಾದ ಅಳತೆ ಬೇಕು.

2. ಎಂಟರಿಂದ ಹನ್ನೆರಡು ಜನ, ಹೆಚ್ಚು ಬೇಡ

ವಾಟ್ಸಾಪ್ ಗುಂಪಿನಲ್ಲಿ 1,024 ಜನ ಇರಬಹುದು. ಇರಬಹುದು ಎಂದ ಮಾತ್ರಕ್ಕೆ ಇರಬೇಕಿಲ್ಲ. ನಾನು ಮೊದಲು ಸೇರಿದ ದೊಡ್ಡ ಗುಂಪಿನಲ್ಲಿ ಬೆಳಗಿನ ಶುಭೋದಯದ ಹೂಗಳ ನಡುವೆ, ಸೀರೆ ಮಾರುವವರ ಬೆಲೆಪಟ್ಟಿಗಳ ನಡುವೆ ನನ್ನ ಪ್ರಶ್ನೆಯೊಂದು ಮೂರು ದಿನ ಉತ್ತರವಿಲ್ಲದೆ ಬಿದ್ದಿತ್ತು. ಬಹಳ ಜನರಿದ್ದಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ಹೇಳಿಯಾರು ಎಂದುಕೊಳ್ಳುತ್ತಾರೆ.

ಎಂಟು ಹತ್ತು ಜನರಿದ್ದರೆ ಯಾರ ಬಟ್ಟೆಯ ಮೇಲೆ ಯಾವ ಆನೆ ಅರ್ಧಕ್ಕೆ ನಿಂತಿದೆ ಎಂಬುದು ಎಲ್ಲರಿಗೂ ನೆನಪಿರುತ್ತದೆ. ಆ ನೆನಪೇ ಗುಂಪಿನ ಜೀವ. ಸೇರಿಸಿಕೊಳ್ಳುವಾಗ ಕೈಚಳಕ ನೋಡಬೇಡಿ, ಮಿಶ್ರಣ ನೋಡಿ. ನಮ್ಮಲ್ಲಿ ಕಸೂತಿಯ ನಾಲ್ಕೂ ಬಗೆಯ ಹೊಲಿಗೆ (ಗವಂತಿ, ಮುರಗಿ, ನೇಗಿ, ಮೆಂತೆ) ಬಲ್ಲ ಹಿರಿಯರು ಇಬ್ಬರು, ಗವಂತಿ ಮತ್ತು ಮುರಗಿ ಮಾತ್ರ ಬಲ್ಲ ನನ್ನಂಥವರು ಐವರು, ಎಳೆಗಳು ಎದ್ದು ಕಾಣುವ ಮ್ಯಾಟಿ ಬಟ್ಟೆಯ ಮೇಲೆ ಎಳೆ ಎಣಿಸುವುದನ್ನು ಆಗಷ್ಟೇ ಕಲಿಯುತ್ತಿದ್ದವರು ಇಬ್ಬರು. ಬರೀ ಹೊಸಬರ ಗುಂಪು ದಾರಿ ತಪ್ಪುತ್ತದೆ. ಬರೀ ಬಲ್ಲವರ ಗುಂಪಿನಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ.

ಕರೆಯುವಾಗ ಲಿಂಕನ್ನು ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ. ಒಬ್ಬೊಬ್ಬರಿಗೆ ಫೋನ್ ಮಾಡಿ, ಒಂದು ಮಂಡಲದ ಮಾತು ಎಂದು ಹೇಳಿ ಕರೆಯಿರಿ. ಹೊಸಬರು ಸೇರಲು ಅಡ್ಮಿನ್ ಒಪ್ಪಿಗೆ ಬೇಕು ಎಂಬ ಸೆಟ್ಟಿಂಗ್ ಇದೆ, ಅದನ್ನು ಹಾಕಿಡಿ. ವಾಟ್ಸಾಪ್ ಗುಂಪಿನಲ್ಲಿ ಫೋನ್ ನಂಬರ್ ಎಲ್ಲರಿಗೂ ಕಾಣಬಹುದು. ಇದನ್ನು ಮೊದಲೇ ತಿಳಿಸಿ, ಒಪ್ಪದವರಿದ್ದರೆ ನಂಬರ್ ಮರೆಮಾಡಬಹುದಾದ ಟೆಲಿಗ್ರಾಮಿನಲ್ಲಿ ಕೂಡಬಹುದು.

3. ಜಾಗದ ಸಣ್ಣ ಏರ್ಪಾಡುಗಳು

ಹೊಸ ಆ್ಯಪ್ ಕಲಿಸುವ ಗೋಜಿಗೆ ಹೋಗಬೇಡಿ. ಗುಂಪಿನ ಅತಿ ಹಿರಿಯ ಸದಸ್ಯೆ ದಿನವೂ ತೆರೆಯುವ ಆ್ಯಪ್ ಯಾವುದೋ ಅದೇ ಸರಿ. ಗುಂಪಿನ ಫೋಟೊಗಳು ಮನೆಯವರ ಫೋಟೊಗಳ ಜೊತೆ ಬೆರೆಯದಂತೆ ಆ ಗುಂಪಿಗೆ ಮಾತ್ರ ಗ್ಯಾಲರಿಯಲ್ಲಿ ಕಾಣಿಸುವುದನ್ನು ನಿಲ್ಲಿಸಿಕೊಳ್ಳಿ. ಕಟ್ಟಳೆಗಳ ಸಂದೇಶವನ್ನು ಮೇಲೆ ಪಿನ್ ಮಾಡಿ. ಪಿನ್ ಹೆಚ್ಚೆಂದರೆ 30 ದಿನ ನಿಲ್ಲುತ್ತದೆ, ಮಂಡಲದ ನಡುವೆ ಮತ್ತೊಮ್ಮೆ ಮಾಡಬೇಕು.

ಎಳೆ ಎಣಿಸಬೇಕಾದ ಫೋಟೊಗಳನ್ನು ಎಚ್‌ಡಿ ಗುಂಡಿ ಒತ್ತಿ ಕಳಿಸಿ. ಸಾಮಾನ್ಯವಾಗಿ ಕಳಿಸಿದರೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ಹೊಲಿಗೆ ಮಸುಕಾಗುತ್ತದೆ. ಗ್ರಾಫ್ ಹಾಳೆಯ ವಿನ್ಯಾಸವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಇನ್ನೂ ಸ್ಪಷ್ಟ. ಇವುಗಳನ್ನು ಹಂಚಿಕೊಂಡ ಒಂದು ಆಲ್ಬಮ್ಮಿನಲ್ಲಿ ಕೂಡಿಡಿ. ಫೋನ್ ಬದಲಾದಾಗ ಹರಟೆ ಹೋದರೂ ವಿನ್ಯಾಸ ಉಳಿಯುತ್ತದೆ.

4. ಫೋಟೊ ಎರಡು, ಪ್ರಶ್ನೆ ಒಂದು

ನಮ್ಮ ಗುಂಪಿನಲ್ಲಿ ಮುರಿಯಬಾರದ ಕಟ್ಟಳೆ ಇದೊಂದೇ. ಬಟ್ಟೆಯ ಮುಂಬದಿಯದೊಂದು, ಹಿಂಬದಿಯದೊಂದು ಫೋಟೊ. ಜೊತೆಗೆ ಒಂದು ಪ್ರಶ್ನೆ.

ಹಿಂಬದಿ ಯಾಕೆ ಎಂದು ಕಸೂತಿ ಅರಿಯದವರಿಗೆ ಹೇಳಬೇಕು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ನೇಯ್ಗೆಯ ಎಳೆ ಎಣಿಸಿಕೊಂಡೇ ಹೊಲಿಯುವುದು. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಹಾಕಿ, ಅಷ್ಟೇ ಜಾಗ ಬಿಟ್ಟು, ಮತ್ತೆ ಒಂದು ಹಾಕುತ್ತಾ ಸಾಗುತ್ತೇವೆ. ಬಂದ ದಾರಿಯಲ್ಲೇ ಮರಳುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತೇವೆ. ಆಗ ಗೆರೆ ಎರಡೂ ಮಗ್ಗುಲಲ್ಲಿ ಒಂದೇ ಆಗಿ ಕಾಣುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರಗಿಯೂ ಹಾಗೆಯೇ. ನೇಯ್ಗೆಯಂತೆ ಕಾಣುವ ನೇಗಿಗೂ, ಕತ್ತರಿ ಹೊಲಿಗೆಯ ಮೆಂತೆಗೂ ಈ ಕಟ್ಟುಪಾಡಿಲ್ಲ. ಗವಂತಿಯ ಮುಂಬದಿ ನೋಡಿದರೆ ತೇರು ಮುಗಿದಿದೆಯೋ ಇಲ್ಲವೋ ಅಷ್ಟೇ ತಿಳಿಯುತ್ತದೆ. ಹೊಲಿದವಳು ಎಲ್ಲಿ ದಾರಿ ತಪ್ಪಿದಳು, ಎಲ್ಲಿ ಅವಸರಪಟ್ಟಳು ಎಂಬುದು ಹಿಂಬದಿಯಲ್ಲಿದೆ. ಸಹಾಯ ಮಾಡಬೇಕಾದವರಿಗೆ ಬೇಕಾದದ್ದೂ ಅದೇ.

ಬೇರೆ ಕಲೆಗಳಿಗೂ ಹಿಂಬದಿ ಇದ್ದೇ ಇದೆ. ಚಿತ್ರಗಾರರಿಗೆ ಮೊದಲ ಪೆನ್ಸಿಲ್ ಗೆರೆಗಳ ಪುಟ, ಬರಹಗಾರರಿಗೆ ಹೊಡೆದುಹಾಕಿದ ಸಾಲುಗಳು.

ಫೋಟೊ ತೆಗೆಯುವ ಬಗೆ: ಕಿಟಕಿಯ ಪಕ್ಕ, ಹಗಲ ಬೆಳಕಿನಲ್ಲಿ, ಬಟ್ಟೆಯನ್ನು ಸುಕ್ಕಿಲ್ಲದಂತೆ ಹಾಸಿ, ನೇರ ಮೇಲಿನಿಂದ. ಅಳತೆ ತಿಳಿಯಲು ಮೂಲೆಯಲ್ಲಿ ಒಂದು ನಾಣ್ಯ. ಕಪ್ಪು ಚಂದ್ರಕಾಳಿ ಸೀರೆಯ ಮೇಲಿನ ಕೆಲಸವಾದರೆ ಕೆಳಗೆ ಬಿಳಿ ಟವೆಲ್ ಹಾಸಿ, ಎಳೆಗಳ ನಡುವಿನ ಕಿಂಡಿ ಕಾಣುತ್ತದೆ. ಹೊಲಿಯುವಾಗಲೂ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡರೆ ಕಣ್ಣಿಗೆ ಎಷ್ಟೋ ಹಗುರ. ಇದನ್ನು ನನಗೆ ಗುಂಪಿನ ಹಿರಿಯರೊಬ್ಬರು ಕಲಿಸಿದರು, ಅಜ್ಜಿಯೂ ಹೇಳಿರಲಿಲ್ಲ.

ಇನ್ನು ಪ್ರಶ್ನೆ. ‘ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂದೇ ಉತ್ತರ ಬರುತ್ತದೆ, ಅದರಿಂದ ನಾಳೆಯ ಮೊಳಕ್ಕೆ ಏನೂ ಸಿಗುವುದಿಲ್ಲ. ‘ತೇರಿನ ಎರಡನೇ ಅಂತಸ್ತಿನಲ್ಲಿ ಒಂದು ಎಳೆ ತಪ್ಪಿದ್ದೇನೆ, ಬಿಚ್ಚಲೇ, ಹಾಗೇ ಮುಂದುವರಿಸಲೇ?’ ಎಂದು ಕೇಳಿ ನೋಡಿ. ಹತ್ತು ನಿಮಿಷದಲ್ಲಿ ಮೂವರು ಫೋಟೊ ಹಿಗ್ಗಿಸಿ ಎಳೆ ಎಣಿಸಲು ಕೂತಿರುತ್ತಾರೆ. ಹೇಳಿಕೊಳ್ಳಲು ಪ್ರಶ್ನೆ ಇಲ್ಲದ ದಿನ ‘ಇವತ್ತು ಬರೀ ತೋರಿಸುತ್ತಿದ್ದೇನೆ’ ಎಂದು ಬರೆಯಿರಿ. ಆಗ ಯಾರೂ ತಿದ್ದುವುದಿಲ್ಲ. ಕೇಳದೆ ತಿದ್ದಬಾರದು ಎಂಬುದು ಎಷ್ಟು ಜನರನ್ನು ಗುಂಪಿನಲ್ಲಿ ಉಳಿಸಿದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ.

5. ಉತ್ತರ ಕೊಡುವುದನ್ನು ಕಲಿಯಬೇಕು

ಮಸ್ಕತ್ತಿನಲ್ಲಿರುವ ನಮ್ಮ ಸದಸ್ಯೆಯೊಬ್ಬರು ಒಮ್ಮೆ ತುಳಸಿ ಕಟ್ಟೆ ಹಾಕಿದರು. ಮುಂಬದಿ ಅಚ್ಚುಕಟ್ಟು. ಹಿಂಬದಿಯಲ್ಲಿ ಕಟ್ಟೆಯ ಮೂಲೆಯಿಂದ ಗಿಡದ ಬುಡಕ್ಕೆ ಒಂದು ಉದ್ದನೆಯ ದಾರ ಅಡ್ಡ ಬಿದ್ದಿತ್ತು. ‘ಇದನ್ನು ತಪ್ಪಿಸುವುದು ಹೇಗೆ?’ ಎಂದು ಕೇಳಿದ್ದರು. ಹುಬ್ಬಳ್ಳಿಯ ಸದಸ್ಯೆ ಬರೆದರು: ‘ಅಕ್ಕ, ಕಟ್ಟೆಯ ಮೇಲಿನ ಗೆರೆಯನ್ನು ಹೋಗಿ ಬಂದು ಪೂರ್ತಿ ಮುಗಿಸಿಬಿಟ್ಟಿದ್ದೀರಿ, ತೊಡಕಾದದ್ದು ಅಲ್ಲಿ. ಗೆರೆಯ ನಡುವಿಗೆ ಬಂದ ಕೂಡಲೇ ಗಿಡ ಹತ್ತಬೇಕಿತ್ತು.’ ಆಮೇಲೆ ಗ್ರಾಫ್ ಹಾಳೆಯ ಮೇಲೆ ಬಾಣದ ಗುರುತು ಹಾಕಿ ಕಳಿಸಿದರು. ಕಟ್ಟೆಯ ಗೆರೆಯಲ್ಲಿ ಅರ್ಧ ಸಾಗಿ, ಕಾಂಡದಲ್ಲಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಏರಿ, ಬಿಟ್ಟದ್ದನ್ನು ತುಂಬುತ್ತಾ ಇಳಿದು, ಮತ್ತೆ ಕಟ್ಟೆಯ ಉಳಿದರ್ಧಕ್ಕೆ. ಕೆಂಪು ಬಾಣ ಹೋಗುವ ದಾರಿ, ನೀಲಿ ಬಾಣ ಬರುವ ದಾರಿ.

ಈ ಉತ್ತರವನ್ನು ನಾನು ಹೊಸಬರಿಗೆಲ್ಲ ತೋರಿಸುತ್ತೇನೆ. ತಪ್ಪು ಎಲ್ಲಿದೆ ಎಂದು ಹೇಳಿತು, ಯಾಕಾಯಿತು ಎಂದು ಹೇಳಿತು, ಮುಂದಿನ ಬಾರಿಗೆ ದಾರಿ ತೋರಿಸಿತು. ಹೊಲಿದವರ ಬಗ್ಗೆ ಒಂದು ಮಾತೂ ಇಲ್ಲ, ಇರುವುದೆಲ್ಲ ದಾರದ ಬಗ್ಗೆ. ‘ನೀವು ಯಾವಾಗಲೂ ಅವಸರ ಮಾಡುತ್ತೀರಿ’ ಎಂದು ಯಾರಾದರೂ ಬರೆದಿದ್ದರೆ ಆ ತುಳಸಿ ಕಟ್ಟೆ ಅಲ್ಲಿಗೇ ನಿಲ್ಲುತ್ತಿತ್ತು.

ಕೈಯಲ್ಲಿ ಸೂಜಿ ಇರುವವರಿಗೆ ಟೈಪಿಸುವುದು ಕಷ್ಟ, ಧ್ವನಿ ಸಂದೇಶಕ್ಕೆ ಅವಕಾಶ ಕೊಡಿ. ಕನ್ನಡ ಟೈಪಿಸಲು ಹಿಂಜರಿಯುವ ಹಿರಿಯರು ಮಾತಿನಲ್ಲಿ ಎಷ್ಟು ಸೊಗಸಾಗಿ ವಿವರಿಸುತ್ತಾರೆಂದರೆ, ನಾವು ಕೆಲವನ್ನು ಹಾಗೇ ಉಳಿಸಿಟ್ಟುಕೊಂಡಿದ್ದೇವೆ. ಎರಡು ನಿಮಿಷ ಮೀರದಿದ್ದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಬಲ್ಲವರು ತಮ್ಮ ತಪ್ಪನ್ನು ಮೊದಲು ತೋರಿಸಬೇಕು. ನಮ್ಮ ಮೊದಲ ವಾರದಲ್ಲಿ ಹೊಸಬರಿಬ್ಬರೂ ಹಿಂಬದಿ ತೋರಿಸಲು ನಾಚಿ ಸುಮ್ಮನಿದ್ದರು. ಐದನೆಯ ದಿನ ಗುಂಪಿನ ಅತಿ ನುರಿತ ಕೈ, 68 ವರ್ಷದ ಹಿರಿಯರು, ಅರ್ಧ ಬಿಚ್ಚಿದ ಗೋಪುರದ ಫೋಟೊ ಹಾಕಿದರು. ಬಟ್ಟೆಯ ಮೇಲೆ ಕಿತ್ತ ದಾರದ ಕೆಂಪು ನೂಲುಗಳು ಇನ್ನೂ ಅಂಟಿಕೊಂಡಿದ್ದವು. ‘ನಾಲ್ಕನೇ ಸಾಲಿನಲ್ಲಿ ಎರಡರ ಬದಲು ಮೂರು ಎಳೆ ಎಣಿಸಿದ್ದೆ, ಹದಿನಾರನೇ ಸಾಲಿಗೆ ಬಂದಾಗ ಗೊತ್ತಾಯಿತು’ ಎಂದು ಬರೆದಿದ್ದರು. ಅಂದು ಸಂಜೆಯೇ ಇಬ್ಬರು ಹೊಸಬರ ಬಟ್ಟೆಗಳೂ ಬಂದವು, ಎರಡೂ ಮಗ್ಗುಲಿನವು.

6. ವಾರಕ್ಕೊಮ್ಮೆ ಒಟ್ಟಿಗೆ ಕೂರುವುದು

ಫೋಟೊ, ಮಾತು ಎಲ್ಲ ಇದ್ದರೂ ಪಡಸಾಲೆಯಲ್ಲಿ ಪಕ್ಕಪಕ್ಕ ಕೂತ ಹಾಗಾಗುವುದಿಲ್ಲ. ಅದಕ್ಕಾಗಿ ಭಾನುವಾರ ಸಂಜೆ ಏಳೂವರೆಗೆ ವಿಡಿಯೊ ಕೂಟ. ಆಗ ಮಸ್ಕತ್ತಿನಲ್ಲಿ ಆರು ಗಂಟೆ, ನ್ಯೂಜೆರ್ಸಿಯಲ್ಲಿ ಬೇಸಿಗೆಯಾದರೆ ಬೆಳಗಿನ ಹತ್ತು, ಚಳಿಗಾಲವಾದರೆ ಒಂಬತ್ತು. ಹೊರದೇಶದವರಿದ್ದರೆ ಗಡಿಯಾರ ಬದಲಾಗುವ ಮಾರ್ಚ್ ಮತ್ತು ನವೆಂಬರಿನಲ್ಲಿ ಒಮ್ಮೆ ನೆನಪಿಸಿ. ಗೂಗಲ್ ಮೀಟ್ ಉಚಿತವಾಗಿ ಮೂವರು ಅಥವಾ ಅದಕ್ಕಿಂತ ಹೆಚ್ಚು ಜನರ ಕೂಟಕ್ಕೆ 60 ನಿಮಿಷ ಕೊಡುತ್ತದೆ. ಅಷ್ಟೇ ಸಾಕು. ಒಂದು ಗಂಟೆಗೆ ಮುಗಿಯುವುದು ಖಚಿತವಿದ್ದರೆ ಮನೆಯವರೂ ಆ ಹೊತ್ತನ್ನು ಬಿಟ್ಟುಕೊಡುತ್ತಾರೆ.

ಕ್ಯಾಮೆರಾ ಮುಖಕ್ಕೆ ಬೇಡ, ಕೈಗೆ ಇರಲಿ. ಎರಡು ಡಬ್ಬಿಗಳ ನಡುವೆ ಫೋನನ್ನು ಓರೆಯಾಗಿ ನಿಲ್ಲಿಸಿ ಬಟ್ಟೆ ಕಾಣುವಂತೆ ಇಡಿ. ಮುಖ ತೋರಿಸಲು ಸಂಕೋಚಪಡುವವರು, ಅಡುಗೆಮನೆಯಿಂದ ನೇರ ಬಂದು ಕೂತವರು ಎಲ್ಲರಿಗೂ ಇದು ನೆಮ್ಮದಿ. ಮೊದಲ ಹತ್ತು ನಿಮಿಷ ಮಾತು, ಆಮೇಲೆ ಹೊಲಿಗೆ. ನಡುವೆ ಮೌನ ಬಂದರೆ ತುಂಬಲು ಹೋಗಬೇಡಿ. ಒಂಬತ್ತು ಜೊತೆ ಕೈಗಳು ಒಂದೇ ಪರದೆಯ ಮೇಲೆ ಸೂಜಿ ಏರಿಸಿ ಇಳಿಸುವುದನ್ನು ನೋಡುತ್ತಾ ಹೊಲಿದ ಗಂಟೆಗಳು ನನ್ನ ವಾರದ ಅತಿ ಒಳ್ಳೆಯ ಗಂಟೆಗಳು.

7. ಸುಮ್ಮನಾದವರ ಜೊತೆ ಹೇಗಿರಬೇಕು

ಯಾರಾದರೂ ಸುಮ್ಮನಾಗಿಯೇ ಆಗುತ್ತಾರೆ. ಮಕ್ಕಳ ಪರೀಕ್ಷೆ, ಮದುವೆಯ ಹಂಗಾಮು, ಆಸ್ಪತ್ರೆ. ಎಷ್ಟು ದಿನ ತಪ್ಪಿತು ಎಂದು ಎಣಿಸುವ ಪಟ್ಟಿಯನ್ನು ಗುಂಪಿನಲ್ಲಿ ಇಡಲೇಬೇಡಿ. ನಾವು ಮೊದಲ ಮಂಡಲದಲ್ಲಿ ಹಾಗೊಂದು ಪಟ್ಟಿ ಮಾಡಿದ್ದೆವು. ಮೂರು ದಿನ ತಪ್ಪಿದವರು ನಾಚಿಕೆಯಿಂದ ಹತ್ತು ದಿನ ಬರಲಿಲ್ಲ. ಈಗ ತಪ್ಪಿದ ದಿನ ಎಣಿಸುವುದಿಲ್ಲ, ಮುಗಿದ ಮೊಳ ಎಣಿಸುತ್ತೇವೆ. ಮೂವತ್ತು ಮೊಳ ಆದವರೂ ಮಂಡಲ ಮುಗಿಸಿದವರೇ.

ಗುಂಪಿನೊಳಗೆ ‘ಯಾಕೆ ಹಾಕಿಲ್ಲ?’ ಎಂದು ಕೇಳಬೇಡಿ. ಒಂದು ವಾರವಾದರೆ ಒಬ್ಬರು ಮಾತ್ರ, ಬೇರೆಯಾಗಿ, ಕುಶಲ ವಿಚಾರಿಸಲಿ. ಹೊಲಿಗೆಯ ಮಾತು ಅವರೇ ಎತ್ತಲಿ. ಇನ್ನೊಂದು ಅವಕಾಶವನ್ನೂ ಇಟ್ಟಿದ್ದೇವೆ: ಏನೂ ಹೊಲಿಯದ ದಿನ ಬಟ್ಟೆಗೆ ಚುಚ್ಚಿಟ್ಟ ಸೂಜಿಯ ಫೋಟೊ ಹಾಕಬಹುದು. ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದ ಸದಸ್ಯೆಯೊಬ್ಬರು 19 ದಿನ ಅದೇ ಬಟ್ಟೆ, ಅದೇ ಸೂಜಿಯ ಫೋಟೊ ಹಾಕಿದರು. ಇಪ್ಪತ್ತನೆಯ ದಿನ ಸೂಜಿ ನಾಲ್ಕು ಹೊಲಿಗೆ ಮುಂದೆ ಸರಿದಿತ್ತು.

8. ಮಾರಾಟ, ಹಕ್ಕು, ಹೆಸರು

ಹಣದ ಮಾತು ಎಲ್ಲ ಗುಂಪಿನಲ್ಲೂ ಬರುತ್ತದೆ, ಬರಲಿ. ಅದಕ್ಕೆ ತಿಂಗಳಿಗೊಂದು ದಿನ ಗೊತ್ತುಪಡಿಸಿ, ಉಳಿದ ದಿನ ಬೆಲೆಪಟ್ಟಿ ಬೇಡ. ತೇರು, ಆನೆ, ಪಲ್ಲಕ್ಕಿ, ತೊಟ್ಟಿಲು ಇವು ತಲೆಮಾರುಗಳಿಂದ ಬಂದವು, ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಒಬ್ಬರು ತಾವೇ ಗ್ರಾಫ್ ಹಾಳೆಯ ಮೇಲೆ ಜೋಡಿಸಿದ ಸೆರಗಿನ ವಿನ್ಯಾಸವನ್ನು ಇನ್ನೊಬ್ಬರು ಹೊಲಿಯುವಾಗ ಕೇಳಬೇಕು, ತೋರಿಸುವಾಗ ಹೆಸರು ಹೇಳಬೇಕು. ಗುಂಪಿನ ಫೋಟೊ ಹೊರಗೆ ಹೋಗುವ ಮುನ್ನ ಹೊಲಿದವರ ಒಪ್ಪಿಗೆ ಬೇಕು, ಹಿಂಬದಿಯ ಫೋಟೊ ಆದರಂತೂ ಕಡ್ಡಾಯ. ನಂಬಿಕೆಯಿಂದ ತೋರಿಸಿದ್ದು ಬೇರೆಲ್ಲೋ ಕಂಡರೆ ಆ ಗುಂಪು ಮುಗಿದ ಹಾಗೆ.

ಕರ್ನಾಟಕದ ಕಸೂತಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇದೆ. ಆದರೂ ಯಂತ್ರದ ಹೊಲಿಗೆ, ಅಚ್ಚಿನ ಬಟ್ಟೆ ಆ ಹೆಸರಿನಲ್ಲಿ ಮಾರಾಟವಾಗುತ್ತವೆ. ಕೊಳ್ಳುವವರಿಗೆ ಬಟ್ಟೆ ತಿರುಗಿಸಿ ನೋಡುವುದನ್ನು ಹೇಳಿಕೊಡುವುದೂ ನಮ್ಮ ಕೆಲಸವೆಂದು ನಾನು ತಿಳಿದಿದ್ದೇನೆ.

9. ಮಂಡಲ ಮುಗಿದ ಮೇಲೆ

48ನೆಯ ದಿನ ಎಲ್ಲರೂ ಮೊದಲ ದಿನದ ಮತ್ತು ಕೊನೆಯ ದಿನದ ಹಿಂಬದಿಗಳನ್ನು ಪಕ್ಕಪಕ್ಕ ಇಟ್ಟು ಒಂದೇ ಫೋಟೊ ಹಾಕುತ್ತಾರೆ. ಅದರ ಮೇಲೆ ಯಾರೂ ಟಿಪ್ಪಣಿ ಬರೆಯಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ. ಮುಂದಿನ ಸುತ್ತಿನ ವಿನ್ಯಾಸಕ್ಕೆ ಗುಂಪಿನಲ್ಲೇ ಮತ ಹಾಕಿಸಿ. ಮ್ಯಾಟಿ ಬಟ್ಟೆಯಲ್ಲಿ ಕೈ ಕುದುರಿದವರು ಇಳಕಲ್ ಸೀರೆಯ ಸೆರಗಿಗೆ ಹೋಗಬಹುದು. ಸಣ್ಣ ನೇಯ್ಗೆಯಲ್ಲಿ ಎಳೆ ಎಣಿಸಲಾಗದಿದ್ದರೆ ಮೇಲೆ ಕ್ಯಾನ್ವಾಸ್ ಜಾಳಿಗೆ ಇಟ್ಟು ಹೊಲಿದು, ಆಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ರೂಢಿ ಇದೆ.

ಉಸ್ತುವಾರಿಯನ್ನೂ ಪ್ರತಿ ಮಂಡಲಕ್ಕೆ ಬದಲಿಸಿ. ಪಿನ್ ಮಾಡುವುದು, ಕೂಟದ ಲಿಂಕ್ ಕಳಿಸುವುದು, ಸುಮ್ಮನಾದವರನ್ನು ವಿಚಾರಿಸುವುದು ಒಬ್ಬರ ಹೆಗಲ ಮೇಲೇ ಉಳಿದರೆ ಅವರ ಹೊಲಿಗೆ ಮೊದಲು ನಿಲ್ಲುತ್ತದೆ. ನಮ್ಮ ಮೂರನೆಯ ಮಂಡಲವನ್ನು ನಡೆಸಿದ್ದು ಮೊದಲ ವಾರ ಹಿಂಬದಿ ತೋರಿಸಲು ನಾಚಿದ್ದ ಹುಡುಗಿ.

ಎರಡು ಮಂಡಲಗಳ ನಡುವೆ ಎರಡು ವಾರ ಬಿಡುವು. ಆಗ ಲಡಿಯಲ್ಲಿ ಮಿಕ್ಕ ಐದು ಮೊಳ ದಾರವನ್ನು ತೆಗೆದು, ತುಂಡು ಬಟ್ಟೆಯ ಮೇಲೆ ಗುಂಪಿನ ಬೇರೆ ಯಾರದ್ದಾದರೂ ವಿನ್ಯಾಸವನ್ನು ಹಾಕಿ ಅವರಿಗೆ ಅಂಚೆಯಲ್ಲಿ ಕಳಿಸುತ್ತೇವೆ. ಹೋದ ಸಲ ನನಗೆ ಬಂದ ಲಕೋಟೆಯಲ್ಲಿ ನನ್ನದೇ ಗಿಳಿ ಇತ್ತು, ಹಸಿರು ದಾರದ್ದು. ಕೈಗೆ ತೆಗೆದುಕೊಂಡವಳೇ ತಿರುಗಿಸಿ ನೋಡಿದೆ.